ದಾರ ನೋಡ್ಕೊಂಡು ಕತ್ತರಿಸಿ

ಟೈಲರಣ್ಣ ಹುಟ್ಟಿದಾಗಿನಿಂದ ಒಂದು ಹುಲ್ಲುಕಡ್ಡಿಯನ್ನೂ ಕತ್ತರಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ; ಯಾಕೆಂದರೆ ಅವನ ಬಾಯಿಂದ ಕೇಳಿದವರಿಗೆ ಗೊತ್ತಿರುವ ಕಥೆಯೇ ಬೇರೆ. ಮೂವತ್ತು ವರ್ಷ ಅವನ ಕತ್ತರಿಗೆ ಸಿಕ್ಕಿದ್ದು ಬಟ್ಟೆ, ಬರೀ ಬಟ್ಟೆ. ಆದರೆ ಯಾರಾದರೂ ಹೊಗಳಿದರೆ ಸಾಕು, ಅವನ ನಾಲಿಗೆ ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ.

ಅಂದು ಹೊಗಳಿದವರು ಸಾಮಾನ್ಯರೂ ಅಲ್ಲ, ಎದುರು ಮನೆಯ ಹೆಡ್‌ಮಿಸ್. ಕೆಲಸದಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಅವರು ಬೀದಿಗಿಳಿದರೆ ತಲೆ ನರೆತವರೂ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ತಪ್ಪು ಕಂಡರೆ ಅವರಿಗೆ ಊಟ ಸೇರದು. ಮೊನ್ನೆ ಬೇಕರಿಯ ಬೋರ್ಡಿನಲ್ಲಿ ಒಂದು ಕೊಂಬು ಬಿಟ್ಟುಹೋಗಿದ್ದನ್ನು ಕಂಡು, ತಾವೇ ಏಣಿ ಹತ್ತಿ, ಬಣ್ಣದಲ್ಲಿ ಕೊಂಬು ಎಳೆದು, ಇಳಿಯುವಾಗ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿದ ಕೈ ರವಿಕೆಯ ತೋಳಿನಲ್ಲಿ ತೂರುತ್ತಿರಲಿಲ್ಲ. ಹಾಗಾಗಿ ಟೈಲರಣ್ಣನ ಅಂಗಡಿಗೆ ಬಂದಿದ್ದರು.

ಟೈಲರಣ್ಣ ತೋಳಿನ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ಅಂಚು ಮಡಚಿ, ಮೂರು ಗುಂಡಿ ಇಟ್ಟು ಐದು ನಿಮಿಷದಲ್ಲಿ ಕೊಟ್ಟ. ಹೆಡ್‌ಮಿಸ್ ಕನ್ನಡಕ ಮೂಗಿಗೇರಿಸಿ ಹೊಲಿಗೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ನೋಡಿದರು.

"ತಪ್ಪಿಲ್ಲ," ಅಂದರು. ಅವರ ಬಾಯಲ್ಲಿ ಅದು ಚಿನ್ನದ ಪದಕ. "ಕತ್ತರಿ ಹಿಡಿಯೋ ಕೈ ಅಂದ್ರೆ ಇದು. ನನ್ನ ಗುಲಾಬಿಗೆ ಇಂಥ ಕೈ ಸಿಕ್ಕಿದ್ರೆ ಚಿಂತೆ ಇರ್ತಿರಲಿಲ್ಲ. ಚಳಿ ಬರೋದ್ರೊಳಗೆ ಗಿಡ ಸವರಬೇಕು. ನಾನು ನಾಳೆ ತಂಗಿ ಮನೆಗೆ ಹೊರಟೆ. ಮೂರು ವಾರ."

"ಅಯ್ಯೋ ಮೇಡಂ, ಗಿಡ ಸವರೋದು ನನಗೆ ನೀರು ಕುಡಿದ ಹಾಗೆ!" ಅಂದುಬಿಟ್ಟ ಟೈಲರಣ್ಣ. "ಚಿಕ್ಕಂದಿನಲ್ಲಿ ನಮ್ಮ ತಾತನ ತೋಟ ಪೂರ್ತಿ ನಾನೇ…"

ಒಳಗೆ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಧಡಕ್ಕನೆ ಇಟ್ಟಳು. ಆ ತಾತ ಬಾಡಿಗೆಯ ಒಂದು ಕೋಣೆಯಲ್ಲಿ ಬಾಳಿ ಅಲ್ಲೇ ತೀರಿಕೊಂಡವರು. ಕಿಟಕಿಯಲ್ಲಿ ಒಂದು ಕುಂಡ ಕೂಡ ಇರಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಹತ್ತಿದ ಹೆಡ್‌ಮಿಸ್ ಗೇಟಿನ ಬೀಗದ ಕೈ ಕೊಟ್ಟು, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಬುಡದಲ್ಲಿ ಕೆಂಪು ದಾರ ಕಟ್ಟಿದ್ದೀನಿ. ದಾರ ನೋಡ್ಕೊಂಡು ಕತ್ತರಿಸಿ. ಮಿಕ್ಕಿದ್ದು…"

ಮಿಕ್ಕಿದ್ದನ್ನು ಟ್ಯಾಕ್ಸಿಯ ಇಂಜಿನ್ ನುಂಗಿತು.

ಆ ಗುಲಾಬಿಯ ವಿಷಯ ಸ್ವಲ್ಪ ಹೇಳಬೇಕು. ಬೀದಿಯವರೆಲ್ಲ ಅದನ್ನು 'ಮೇಡಂ ಗುಲಾಬಿ' ಅನ್ನುತ್ತಿದ್ದರು. ಅಂಗೈಯಗಲದ ಹೂವು, ಕಡುಗೆಂಪು, ಅಂಚಿಗೆ ಹೊಗೆಯಾಡಿದಂಥ ಕಪ್ಪು. ಹನ್ನೆರಡು ವರ್ಷದಿಂದ ಬೀದಿಗೆ ಬೀದಿಯೇ ಅದರ ಒಂದು ಕಡ್ಡಿಗಾಗಿ ಬಾಯಿಬಿಡುತ್ತಿತ್ತು. ಬೇಕರಿ ಅಕ್ಕ ಏಳು ಸಲ ಕೇಳಿದ್ದಳು. ಕಾಂಪೌಂಡರ್ ಚುಚ್ಚುಮದ್ದು ಕೊಡುವ ನೆಪದಲ್ಲಿ ಕೇಳಿದ್ದ. ಹೆಡ್‌ಮಿಸ್ ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದರು: "ಆಗಲ್ಲ." ಕಾರಣ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಜಿಪುಣತನ ಎಂದು ಬೀದಿ ತೀರ್ಮಾನಿಸಿತ್ತು.

ಭಾನುವಾರ ಟೈಲರಣ್ಣ ಕೊರಳಿಗೆ ಟೇಪು, ಕಿವಿಗೆ ಸೀಮೆಸುಣ್ಣ, ಕೈಗೆ ದೊಡ್ಡ ಕತ್ತರಿ ಧರಿಸಿ ಗೇಟು ತೆರೆದ. ಗಿಡದ ಬುಡದಿಂದ ಆಳೆತ್ತರದ ಏಳು ಕೊಂಬೆಗಳು ನೆಟ್ಟಗೆ ಎದ್ದಿದ್ದವು. ಏಳಕ್ಕೂ ಕೆಂಪು ದಾರ. ಹೆಂಡತಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು.

"ರೀ, ದಾರ ಕಟ್ಟಿರೋದನ್ನ ಕತ್ತರಿಸಬೇಕೋ, ಬಿಡಬೇಕೋ?"

"ಮೂವತ್ತು ವರ್ಷ ಟೈಲರ್ ಹೆಂಡತಿಯಾಗಿ ಇದನ್ನ ಕೇಳ್ತೀಯಲ್ಲ! ಗುರುತು ಎಲ್ಲಿರುತ್ತೋ ಅಲ್ಲಿ ಕತ್ತರಿ. ಶಾಸ್ತ್ರ ಅದೇ."

ಏಳು ಕೊಂಬೆಗಳೂ ನೆಲಕ್ಕೆ ಬಿದ್ದವು. ಟೈಲರಣ್ಣ ಟೇಪು ಹಿಡಿದು ಒಂದೊಂದನ್ನೂ ಆರು ಸಮ ತುಂಡು ಮಾಡಿ, ಬುಡದ ಕಡೆಯ ತುದಿಯನ್ನು ಓರೆಯಾಗಿ ಕೊಯ್ದ. ತುಂಡು ಯಾಕೆ ಮಾಡಿದ ಎಂದು ಕೇಳಬಾರದು. ಉದ್ದದ್ದು ಕೈಗೆ ಸಿಕ್ಕರೆ ಅಳೆದು ತುಂಡು ಮಾಡುವುದು ಅವನ ಕೈಯ ಅಭ್ಯಾಸ. ನಲವತ್ತೆರಡು ಹಸಿರು ಕಡ್ಡಿಗಳು ಕಟ್ಟೆಯ ಮೇಲೆ ಸಾಲಾಗಿ ಮಲಗಿದವು.

ಆಗ ಗೇಟಿನ ಮೇಲೆ ಕಾಂಪೌಂಡರನ ಮುಖ ಮೂಡಿತು. ಈತ ಆಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಡುವವನಾದರೂ, ಪ್ರಪಂಚದ ಯಾವುದೇ ವಿಷಯದ ಮೇಲೆ ಕೇಳುವ ಮೊದಲೇ ಸಲಹೆ ಕೊಡುವವನು.

"ಏನಪ್ಪಾ ಟೈಲರ್, ಏನು ಮಾಡಿಬಿಟ್ಟೆ!" ಎಂದು ಎದೆ ಹಿಡಿದುಕೊಂಡ. "ಹಸಿ ಕೊಂಬೆ! ಗಟ್ಟಿಮುಟ್ಟಾದ ಕೊಂಬೆ! ದಾರ ಕಟ್ಟಿದ್ದು ಉಳಿಸೋಕಲ್ವೇನಯ್ಯ? ಆಸ್ಪತ್ರೇಲಿ ನಾವು ಪಟ್ಟಿ ಕಟ್ಟೋದು ಉಳಿಯೋ ರೋಗಿಗೇ! 'ದಾರ ನೋಡ್ಕೊಂಡು' ಅಂದ್ರೆ ದಾರಕ್ಕೆ ಪೆಟ್ಟಾಗದ ಹಾಗೆ ಜೋಪಾನ ಅಂತ!"

'ನೋಡ್ಕೊಂಡು' ಎಂಬ ಮಾತಿಗೆ ಎರಡು ಮುಖ ಇದೆಯೆಂದು ಟೈಲರಣ್ಣನಿಗೆ ಹೊಳೆದದ್ದೇ ಆಗ. ಗಿಡದ ಕಡೆ ನೋಡಿದ. ಉಳಿದಿದ್ದದ್ದು ಮೊಣಕಾಲೆತ್ತರದ, ಕಂದುಬಣ್ಣದ, ಗಂಟುಗಂಟಾದ ಮುದಿಕೊಂಬೆಗಳು. ಹೆಂಡತಿಯ ಕಡೆ ನೋಡಿದ. ಅವಳು ಆಕಾಶ ನೋಡುತ್ತಿದ್ದಳು.

ಇಂಥ ಹೊತ್ತಿನಲ್ಲಿ ನಾಲಿಗೆಯೇ ಮುಂದೆ ಬಂದು ಅವನನ್ನು ಕಾಪಾಡುತ್ತಿತ್ತು, ಅಥವಾ ಮುಳುಗಿಸುತ್ತಿತ್ತು.

"ಗೊತ್ತು ಕಾಂಪೌಂಡರೇ," ಅಂದ. "ಬೇಕಂತಲೇ ಕತ್ತರಿಸಿದ್ದು. ಇದು ಹಂಚೋಕೆ. ಮೇಡಂ ಅಪ್ಪಣೆ. ಮನೆಗೊಂದು ಕಡ್ಡಿ."

"ಮೇಡಂ? ಹಂಚೋಕೆ? ಮೇಡಂ ಗುಲಾಬಿ?" ಎಂದು ಮೂರು ಪ್ರಶ್ನೆ ಕೇಳಿ, ಕಾಂಪೌಂಡರ್ ಒಂದರ ಉತ್ತರಕ್ಕೂ ಕಾಯದೆ ಬೀದಿಯುದ್ದಕ್ಕೂ ಓಡಿದ. ಅವನ ಒಂದು ಚಪ್ಪಲಿ ಗೇಟಿನ ಬಳಿಯೇ ಉಳಿಯಿತು.

ಹತ್ತು ನಿಮಿಷ ಆಗಿರಲಿಲ್ಲ, ಬೀದಿ ಕುದಿಯತೊಡಗಿತು. ಬೇಕರಿ ಅಕ್ಕ ಕೈಗೆ ಮೆತ್ತಿದ ಹಿಟ್ಟು ಸಮೇತ ಬಂದಳು. ಕ್ಷೌರದಂಗಡಿಯಿಂದ ಅರ್ಧ ಮೀಸೆ ಬೋಳಿಸಿಕೊಂಡ ಗಿರಾಕಿ ಬಂದ, ಅವನ ಹಿಂದೆ ಸೋಪಿನ ಬಟ್ಟಲು ಹಿಡಿದು ಕ್ಷೌರಿಕ ಬಂದ. ಕುಂಡ ಇಲ್ಲದವರು ಬಕೆಟ್ ತಂದರು, ಬಕೆಟ್ ಇಲ್ಲದವರು ಮಗುವಿನ ಸ್ನಾನದ ತೊಟ್ಟಿ ತಂದರು. ಪಕ್ಕದ ಬೀದಿಯವರು ಸಾಲಿನಲ್ಲಿ ನುಗ್ಗಲು ನೋಡಿ, "ನಿಮ್ಮ ಬೀದೀಲಿ ಹೆಡ್‌ಮಿಸ್ ಇದ್ದಾರೇನ್ರಿ?" ಎಂಬ ಪ್ರಶ್ನೆಗೆ ಬಕೆಟ್ ಎತ್ತಿಕೊಂಡು ಹಿಂದೆ ಸರಿದರು.

"ತಳ್ಳಬೇಡಿ! ಒಬ್ಬರಿಗೆ ಒಂದೇ!" ಟೈಲರಣ್ಣ ಸ್ಟೂಲು ಹತ್ತಿ ಕೂಗಿದ. ಹೆದರಿಕೆ ಎಲ್ಲಿ ಹೋಯಿತೋ! ಇಷ್ಟು ಜನ ಅವನ ಮಾತಿಗೆ ಕಿವಿಗೊಟ್ಟಿದ್ದು ಅವನ ಮದುವೆಯ ದಿನವೂ ಇಲ್ಲ.

"ಹೇಗೆ ನೆಡೋದು ಟೈಲರಣ್ಣ?"

ಹಿಂದಿನಿಂದ ಹೆಂಡತಿ ಪಿಸುಗುಟ್ಟಿದಳು: "ಓರೆ ತುದಿ ಕೆಳಗೆ."

"ಓರೆ ತುದಿ ಕೆಳಗೆ!" ಎಂದು ಗುಡುಗಿದ ಟೈಲರಣ್ಣ. "ಪ್ಯಾಂಟಿಗೆ ಮೇಲೆ ಕೆಳಗೆ ಇರೋ ಹಾಗೆ ಕಡ್ಡಿಗೂ ಇರುತ್ತೆ. ತಿರುವುಮುರುವು ಹಾಕ್ಕೊಂಡ್ರೆ ಬೀದಿ ನಗುತ್ತೆ. ಮೂರಿಂಚು ಮಣ್ಣೊಳಗೆ, ಮಿಕ್ಕಿದ್ದು ಹೊರಗೆ. ಬಿಸಿಲು ಬಿಗಿ ಆಗಬಾರದು, ನೀರು ಲೂಸ್ ಆಗಬಾರದು!"

ಜನ ತಲೆದೂಗಿದರು. ಒಬ್ಬರು ಬರೆದುಕೊಂಡರು. ಒಂದೊಂದು ಕಡ್ಡಿಗೂ ಅಂಗಡಿಯ ಚೂರುಬಟ್ಟೆ ಒದ್ದೆ ಮಾಡಿ ಸುತ್ತಿ ಕೊಡಲಾಯಿತು: ಒಂದಕ್ಕೆ ಹೂವಿನ ಚೀಟಿಬಟ್ಟೆ, ಇನ್ನೊಂದಕ್ಕೆ ಸೂಟಿನ ಉಣ್ಣೆಬಟ್ಟೆ, ಮತ್ತೊಂದಕ್ಕೆ ಪೈಜಾಮಾ ಪಟ್ಟೆ. ಬೇಕರಿ ಅಕ್ಕ ತನ್ನದನ್ನು ಎರಡು ಕೈಯಲ್ಲಿ ಎದೆಗವಚಿಕೊಂಡು, "ನಾನು ಆ ತಾಯಿನ ಜಿಪುಣಿ ಅಂದಿದ್ದೆನಲ್ಲಾ, ನನ್ನ ನಾಲಿಗೆಗೆ ಹುಳ ಬೀಳ!" ಎಂದು ಗೋಳೋ ಎಂದಳು.

ನಲವತ್ತೊಂದು ಕಡ್ಡಿಗಳು ಹೋಗಿ ಒಂದು ಉಳಿಯಿತು. ಅದನ್ನು ಹೆಂಡತಿ ಹಳೇ ಎಣ್ಣೆಡಬ್ಬಿಯಲ್ಲಿ ನೆಟ್ಟಳು.

ಸುದ್ದಿ ಬೀದಿಗೇ ನಿಲ್ಲಲಿಲ್ಲ. ಎರಡನೆಯ ವಾರ ಊರಿನ ಪಾರ್ಕಿನ ಸೂಪರಿಂಟೆಂಡೆಂಟ್ ಸಾಹೇಬರು ಅಂಗಡಿಗೆ ದಯಮಾಡಿಸಿದರು. ಬಗಲಲ್ಲಿ ಫೈಲು, ಕಣ್ಣಲ್ಲಿ ನೀರು.

"ನನ್ನ ಸರ್ವೀಸಿನಲ್ಲೇ ಇಂಥ ತ್ಯಾಗ ಕಂಡಿಲ್ಲ," ಅಂದರು. "ಜನ ಪಾರ್ಕಿನಿಂದ ಗಿಡ ಕಿತ್ಕೊಂಡು ಹೋಗ್ತಾರೆ ಕಣ್ರೀ, ಕೊಡೋರು ಯಾರು? ಮೇಡಂ ಬರೋ ದಿನ ಸಣ್ಣದೊಂದು ಸಮಾರಂಭ ಇಟ್ಕೊಂಡಿದ್ದೀವಿ. ಬಿನ್ನವತ್ತಳೆ ನಾನೇ ಬರೆದಿದ್ದೀನಿ. 'ಪುಷ್ಪದಾನಿ' ಅಂತ ಬಿರುದು."

"ಬೇಡ ಸಾರ್!" ಟೈಲರಣ್ಣ ಸೂಜಿ ಬೆರಳಿಗೆ ಚುಚ್ಚಿಕೊಂಡ. "ಮೇಡಂಗೆ ಪ್ರಚಾರ ಅಂದ್ರೆ ಆಗಲ್ಲ!"

"ನೋಡಿದ್ರಾ! ಎಂಥ ವಿನಯ!" ಎಂದು ಸಾಹೇಬರು ಆ ಮಾತನ್ನೂ ಬಿನ್ನವತ್ತಳೆಗೆ ಸೇರಿಸಿಕೊಂಡರು.

ಅಂದಿನಿಂದ ಟೈಲರಣ್ಣ ಅಂಗಿಗೆ ಮೂರು ತೋಳು ಹೊಲಿಯುವ ಸ್ಥಿತಿಗೆ ಬಂದ. ಊರು ಬಿಡುವ ಮಾತಾಡಿದ. ಹೆಂಡತಿ, "ಹೋಗೋದಾದ್ರೆ ಬ್ಯಾಂಕಿನವರ ಕೋಟು ಮುಗಿಸಿ ಹೋಗಿ," ಅಂದಳು.

ಮೂರು ವಾರ ತುಂಬಿದ ದಿನ ಟ್ಯಾಕ್ಸಿ ಬೀದಿಗೆ ತಿರುಗಿದಾಗ ಹೆಡ್‌ಮಿಸ್ ಕಂಡದ್ದು ಕುರ್ಚಿ, ಮೈಕು, ಬಣ್ಣದ ಕಾಗದದ ತೋರಣ, ಮತ್ತು ಕೈಯಲ್ಲಿ ಒಂದೊಂದು ಕುಂಡ ಹಿಡಿದು ನಿಂತ ಇಡೀ ಬೀದಿ. ಅವರು ಇಳಿಯುವ ಮೊದಲೇ ಚಪ್ಪಾಳೆ. ಬಾಯಿ ತೆರೆಯುವ ಮೊದಲೇ ಬೇಕರಿ ಅಕ್ಕ ಅಪ್ಪಿಕೊಂಡಳು. "ಏನಿದು?" ಎನ್ನುವಷ್ಟರಲ್ಲಿ ಕುರ್ಚಿಯಲ್ಲಿ ಕೂರಿಸಿಯಾಗಿತ್ತು. ಸೂಪರಿಂಟೆಂಡೆಂಟರು ನಾಲ್ಕು ಪುಟ ಓದಿದರು. 'ತಮ್ಮ ಪ್ರಾಣಸಮಾನ ಗುಲಾಬಿಯ ಅಂಗಾಂಗಗಳನ್ನು ನೆರೆಹೊರೆಗೆ ಹಂಚಿದ' ಎಂಬಲ್ಲಿ ಹೆಡ್‌ಮಿಸ್ಸರ ಹುಬ್ಬು ಮೇಲೇರಿತು. ಅದು ಮತ್ತೆ ಇಳಿಯಲಿಲ್ಲ.

ಟೈಲರಣ್ಣ ಕೊನೆಯ ಸಾಲಿನಲ್ಲಿ, ಕಾಂಪೌಂಡರನ ಬೆನ್ನ ಹಿಂದೆ, ಮಂಡಿ ಬಗ್ಗಿಸಿ ನಿಂತಿದ್ದ.

ಹೆಡ್‌ಮಿಸ್ ಎದ್ದು ಮೈಕಿನ ಮುಂದೆ ಬಂದರು. ಬೀದಿ ತಾನಾಗಿಯೇ ನೆಟ್ಟಗೆ ನಿಂತಿತು.

"ಒಂದು ಕುಂಡ ಇಲ್ಲಿ ಕೊಡಿ."

ಬೇಕರಿ ಅಕ್ಕ ಕೊಟ್ಟಳು. ಕಡ್ಡಿಯ ತುದಿಯಲ್ಲಿ ಎಳೆ ಚಿಗುರು ಮೂಡಿತ್ತು. ಹೆಡ್‌ಮಿಸ್ ಕನ್ನಡಕ ಏರಿಸಿ ಎಲೆ ಎಣಿಸಿದರು. ಇನ್ನೊಂದು ಕುಂಡ ತರಿಸಿ ಎಣಿಸಿದರು.

"ಏಳು," ಅಂದರು. "ಎಲ್ಲದರಲ್ಲೂ ಏಳು. ಒಂದು ದಂಟಿಗೆ ಐದೆಲೆ ಇದ್ರೆ ನನ್ನ ಗುಲಾಬಿ. ಏಳಿದ್ರೆ ಕಾಡುಗುಲಾಬಿ. ಇದು ನನ್ನ ಗುಲಾಬಿ ಅಂತ ನಿಮಗೆ ಹೇಳಿದ್ದು ಯಾರು?"

ನಲವತ್ತೊಂದು ತಲೆಗಳು ಒಟ್ಟಿಗೆ ತಿರುಗಿದವು. ಕಾಂಪೌಂಡರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಟೈಲರಣ್ಣನನ್ನು ಲೋಕಕ್ಕೆ ತೋರಿಸಿದ.

"ಮೇಡಂ, ನಾನು ದಾರ ನೋಡ್ಕೊಂಡೇ ಕತ್ತರಿಸಿದೆ," ಎಂದ ಟೈಲರಣ್ಣ ಅಳುದನಿಯಲ್ಲಿ. "ಆಮೇಲೆ ದಾರ ಕಟ್ಟಿದ್ದು ಉಳಿಸೋಕೆ ಅಂತ ಕಾಂಪೌಂಡರ್ ಅಂದ್ರು. ಮಾನ ಹೋಗುತ್ತಲ್ಲ ಅಂತ ನೀವೇ ಹಂಚೋಕೆ ಹೇಳಿದ್ದು ಅಂದುಬಿಟ್ಟೆ. ತಾತನ ತೋಟಾನೂ ಇರಲಿಲ್ಲ ಮೇಡಂ. ಕುಂಡಾನೂ ಇರಲಿಲ್ಲ."

ಹೆಡ್‌ಮಿಸ್ ಗೇಟಿನೊಳಗೆ ನಡೆದರು. ಬೀದಿಯೆಲ್ಲ ಹಿಂದೆ. ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಡ ನೋಡಿದರು. ಏಳು ಕಡೆಯೂ ಬ್ಲೇಡಿನಲ್ಲಿ ಕೊಯ್ದಂತೆ ನುಣ್ಣನೆ ಗಾಯ. ಮುದಿಕೊಂಬೆಗಳಿಗೆ ಒಂದು ಗೀರೂ ಇಲ್ಲ, ಎಲ್ಲ ಗಂಟಿನಲ್ಲೂ ಕೆಂಪು ಮೊಗ್ಗುಗಣ್ಣು.

"ಶಭಾಷ್!" ಅಂದರು.

ಟೈಲರಣ್ಣ ಹಿಂದೆ ತಿರುಗಿ ಅದು ಯಾರಿಗೆ ಎಂದು ನೋಡಿದ.

"ನಿಮಗೇ ರೀ. ಕಸಿ ಗುಲಾಬಿ ಕೂತಿರೋದು ಕಾಡುಗುಲಾಬಿಯ ಬೇರಿನ ಮೇಲೆ. ಬೇರಿನಿಂದ ಕಾಡುಕೊಂಬೆ ಎದ್ದರೆ ಗಿಡದ ಸಾರವೆಲ್ಲ ಅದೇ ಹೀರುತ್ತೆ. ದಾರ ಕಟ್ಟಿದ್ದು ಅದಕ್ಕೆ. ಮಿಕ್ಕಿದ್ದು ಮುಟ್ಟಬೇಡಿ ಅಂದಿದ್ದೆ. ಒಂದಕ್ಷರ ತಪ್ಪದೆ ಮಾಡಿದ್ದೀರಿ."

ಟೈಲರಣ್ಣನ ಎದೆ ಒಂದೂವರೆ ಇಂಚು ಉಬ್ಬಿತು. ಆದರೆ ಸುತ್ತ ಯಾರ ಮುಖದಲ್ಲೂ ಕಳೆಯಿರಲಿಲ್ಲ. ಬೇಕರಿ ಅಕ್ಕ ತನ್ನ ಕುಂಡವನ್ನು ನೆಲಕ್ಕಿಟ್ಟಳು. "ಹಾಗಾದ್ರೆ ಇದು ಬರೀ ಮುಳ್ಳು. ಮೂರು ವಾರದಿಂದ ಗುಡ್ ಮಾರ್ನಿಂಗ್ ಹೇಳ್ತಿದ್ದೆ ಇದಕ್ಕೆ," ಅಂದಳು. ಯಾರೋ ಮೂಗು ಸೀಟಿದರು. ಸೂಪರಿಂಟೆಂಡೆಂಟರು ಬಿನ್ನವತ್ತಳೆಯನ್ನು ಸದ್ದಿಲ್ಲದೆ ಸುರುಳಿ ಸುತ್ತಿದರು. "ಇಷ್ಟಾದ ಮೇಲೂ ಒಂದು ನಿಜವಾದ ಕಡ್ಡಿ ಕೊಡೋ ಮನಸ್ಸು ಬರಲಿಲ್ಲ ನೋಡಿ," ಎಂದು ಹಿಂದಿನಿಂದ ಒಂದು ದನಿ ಗೊಣಗಿತು.

ಹೆಡ್‌ಮಿಸ್ಸರ ಮುಖ ಕೆಂಪೇರಿತು. "ಹಿತ್ತಲಿಗೆ ಬನ್ನಿ," ಅಂದರು. "ಎಲ್ಲರೂ."

ಹಿತ್ತಲಿಗೆ ಹನ್ನೆರಡು ವರ್ಷದಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಗೋಡೆಯುದ್ದಕ್ಕೂ ಸಾಲಾಗಿ ಕುಂಡಗಳು, ನೂರಕ್ಕೆ ಕಡಿಮೆಯಿಲ್ಲ. ಪ್ರತಿಯೊಂದರಲ್ಲೂ ಒಂದು ಒಣಗಿದ ಕಡ್ಡಿ. ಪ್ರತಿಯೊಂದಕ್ಕೂ ಒಂದು ಚೀಟಿ, ದುಂಡನೆಯ ಅಕ್ಷರದಲ್ಲಿ: 'ಬೇಕರಿಯವಳಿಗೆ.' 'ಕಾಂಪೌಂಡರ್‌ಗೆ.' 'ಟೈಲರ್ ಮನೆಗೆ.' ಮತ್ತೆ 'ಬೇಕರಿಯವಳಿಗೆ.' ಬೇಕರಿ ಅಕ್ಕನ ಹೆಸರಿನಲ್ಲಿ ಏಳು ಕುಂಡಗಳಿದ್ದವು.

"ಪ್ರತಿ ವರ್ಷ ಸವರಿದ ಕಡ್ಡಿ ನೆಟ್ಟೆ," ಅಂದರು ಹೆಡ್‌ಮಿಸ್, ಯಾರ ಮುಖವನ್ನೂ ನೋಡದೆ. "ಒಂದೂ ಬೇರು ಬಿಡಲಿಲ್ಲ. ಈ ಜಾತಿ ಕಡ್ಡಿಯಿಂದ ಬರಲ್ಲ, ಕಸಿಯೇ ಆಗಬೇಕು. ಕಸಿ ಮಾಡೋಕೆ ನನ್ನ ಕೈ ನಡುಗುತ್ತೆ. ಮೂವತ್ತೈದು ವರ್ಷ ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವಳು, ನಾನೇ ಫೇಲ್ ಅಂತ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ 'ಆಗಲ್ಲ' ಅಂತಿದ್ದೆ."

ಬೇಕರಿ ಅಕ್ಕ ಏಳು ಕುಂಡಗಳ ಮುಂದೆ ಕೂತು ಸೆರಗು ಬಾಯಿಗೆ ಅಡ್ಡ ಹಿಡಿದಳು.

ಆಗ ಮೊದಲು ಮಾತಾಡಿದವಳು ಟೈಲರಣ್ಣನ ಹೆಂಡತಿ. "ಮೇಡಂ, ಕಸಿಗೆ ಕಾಡುಗುಲಾಬಿಯ ಬೇರು ಬೇಕು ಅಂದ್ರಲ್ಲ. ಇದೆಯಲ್ಲ. ಮನೆಗೊಂದು."

ಹೆಡ್‌ಮಿಸ್ ತಿರುಗಿದರು. ನಲವತ್ತೊಂದು ಕುಂಡಗಳನ್ನು ನೋಡಿದರು. ಆಮೇಲೆ ನಿಧಾನವಾಗಿ, ಟೈಲರಣ್ಣನ ಕೈಗಳನ್ನು ನೋಡಿದರು.

"ಟೈಲರ್, ಗುಂಡಿಯ ಕಾಜಾ ಹೊಲಿಯೋಕೆ ಮೊದಲು ಬಟ್ಟೆ ಹೇಗೆ ಸೀಳ್ತೀರಿ?"

"ಗುಂಡಿಯಷ್ಟೇ ಉದ್ದ ಮೇಡಂ, ಒಂದೆಳೆ ಹೆಚ್ಚಾಗಬಾರದು. ಅಡಿಯ ಬಟ್ಟೆಗೆ ತಾಕಬಾರದು."

"ಕಣ್ಣು ಕಸಿ ಅಂದ್ರೂ ಅಷ್ಟೇ ರೀ!" ಎಂದು ಹೆಡ್‌ಮಿಸ್ ಕೂಗಿದ ಕೂಗಿಗೆ ಗೋಡೆಯ ಮೇಲಿನ ಬೆಕ್ಕು ಆಚೆ ಹಾರಿತು. "ತೊಗಟೆಗೆ ಒಂದು ಕಾಜಾ, ಅದರೊಳಗೆ ಒಂದು ಮೊಗ್ಗುಗಣ್ಣು, ಮೇಲೆ ಒಂದು ಪಟ್ಟಿ!"

ಚಳಿ ಇಳಿದು ತೊಗಟೆ ಸಡಿಲವಾಗುವವರೆಗೆ ಬೀದಿ ದಿನ ಎಣಿಸುತ್ತ ಕಾಯಿತು. ಕಡ್ಡಿಗಳು ಬೇರೂರಿ ಬೆರಳುದಪ್ಪ ಆದವು. ಆಮೇಲೆ ಎರಡು ದಿನ ಟೈಲರಣ್ಣನ ಅಂಗಡಿಗೆ ಬೀಗ. ಹೆಡ್‌ಮಿಸ್ ತಮ್ಮ ಗಿಡದಿಂದ ಒಂದೊಂದೇ ಕಣ್ಣು ಆರಿಸಿ ತೋರಿಸುವುದು, ಟೈಲರಣ್ಣ ಅದನ್ನು ತೆಳ್ಳಗೆ ಎಬ್ಬಿಸುವುದು, ತೊಗಟೆಯಲ್ಲಿ ಕಾಜಾ ಸೀಳಿ ಒಳಗೆ ಜಾರಿಸುವುದು, ಹೆಂಡತಿ ಪಟ್ಟಿ ಬಿಗಿಯುವುದು. ಬೀದಿಗೆ ಬೀದಿ ಸುತ್ತ ನಿಂತು ಪ್ರತಿ ಕಾಜಾಕ್ಕೂ "ಓಹೋ!" ಅನ್ನುತ್ತಿತ್ತು. ಕಾಂಪೌಂಡರ್ ಹತ್ತಿ ಮತ್ತು ಟಿಂಚರ್ ಹಿಡಿದು ಮನೆಯಿಂದ ಮನೆಗೆ ಓಡಿದ. ಅದು ಗಿಡಕ್ಕೆ ಬೇಕಾಗಿರಲಿಲ್ಲ, ಆದರೆ ಬೇಡ ಎನ್ನುವ ಮನಸ್ಸು ಯಾರಿಗೂ ಬರಲಿಲ್ಲ. ಹನ್ನೆರಡು ವರ್ಷದಲ್ಲಿ ಹೆಡ್‌ಮಿಸ್ ಯಾರ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಆ ಎರಡು ದಿನದಲ್ಲಿ ನಲವತ್ತೊಂದು ಹೊಸ್ತಿಲು ದಾಟಿದರು, ನಲವತ್ತೊಂದು ಲೋಟ ಚಹಾ ಕುಡಿದರು.

ಕೊನೆಗೆ ಉಳಿದದ್ದು ಟೈಲರಣ್ಣನ ಮನೆಯ ಎಣ್ಣೆಡಬ್ಬಿ. ಅಷ್ಟು ಹೊತ್ತಿಗೆ ಸೂಪರಿಂಟೆಂಡೆಂಟರು ಬಂದು, "ಈ ವಿದ್ಯೆ ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಟೈಲರಣ್ಣನ ನಾಲಿಗೆ ಎದ್ದಿತು; ಆಕಾಶ ನೋಡುತ್ತ ಕಥೆ ಕಟ್ಟುತ್ತಲೇ ಮೊಗ್ಗುಗಣ್ಣು ಜಾರಿಸಿದ, ಕಥೆ ಕಟ್ಟುತ್ತಲೇ ಪಟ್ಟಿ ಸುತ್ತಿದ.

ಬೇಸಿಗೆ ಮುಗಿಯುವ ಹೊತ್ತಿಗೆ ಬೀದಿ ಹೊತ್ತಿಕೊಂಡಿತು. ಬೇಕರಿ ಮುಂದೆ ಅಂಗೈಯಗಲದ ಕಡುಗೆಂಪು, ಕ್ಷೌರದಂಗಡಿ ಮುಂದೆ ಕಡುಗೆಂಪು, ಆಸ್ಪತ್ರೆಯ ಕಿಟಕಿಯಲ್ಲಿ ಕಡುಗೆಂಪು. ಟೈಲರಣ್ಣನ ಎಣ್ಣೆಡಬ್ಬಿಯಲ್ಲಿ ಮಾತ್ರ ಒಂದು ಮುಂಜಾನೆ ಹಾಲುಬಿಳುಪಿನ ಪುಟ್ಟ ಹೂಗಳು ಗೊಂಚಲುಗೊಂಚಲಾಗಿ ಅರಳಿ ನಿಂತಿದ್ದವು.

ಹೆಂಡತಿ ಪಟ್ಟಿಯ ಗುರುತು ಹುಡುಕಿ ನೋಡಿದಳು. ಕಣ್ಣು ತಲೆಕೆಳಗಾಗಿ ಕೂತು ಒಣಗಿತ್ತು. ಅದರ ಕೆಳಗಿನಿಂದ ಕಾಡುಗುಲಾಬಿ ನಗುತ್ತ ಎದ್ದಿತ್ತು. "ರೀ, ಪ್ಯಾಂಟು ತಿರುವುಮುರುವು ಹಾಕಿದ್ದೀರಿ," ಅಂದಳು. ಟೈಲರಣ್ಣ ಡಬ್ಬಿಯನ್ನು ಒಳಗೆ ಬಚ್ಚಿಡಲು ಎತ್ತಿದ. ಅಷ್ಟರಲ್ಲಿ ತಡವಾಗಿತ್ತು. ಬೇಕರಿ ಅಕ್ಕ ನೋಡಿಬಿಟ್ಟಿದ್ದಳು.

"ಅಬ್ಬಬ್ಬಾ! ಏನು ಘಮ! ಬೀದೀಲಿ ಯಾರ ಮನೇಲೂ ಇಲ್ಲ ಇಂಥದ್ದು! ನಮಗೆಲ್ಲ ಕೆಂಪು ಕೊಟ್ಟು ಬಿಳೀದು ತಾವು ಇಟ್ಕೊಂಡ್ರಾ?"

ಅರ್ಧ ಗಂಟೆಯಲ್ಲಿ ಅಂಗಡಿಯ ಮುಂದೆ ಕುಂಡ, ಬಕೆಟ್, ತೊಟ್ಟಿಗಳ ಸಾಲು. "ಒಂದೇ ಒಂದು ಕಡ್ಡಿ ಟೈಲರಣ್ಣ!" "ನಂದು ಮೊದಲು!" "ಇದು ಯಾವ ದೇಶದ್ದು?" ಟೈಲರಣ್ಣ ಬಾಯಿ ತೆರೆದ. ಜೀವಮಾನದಲ್ಲಿ ಮೊದಲ ಸಲ ನಾಲಿಗೆ ಏಳಲಿಲ್ಲ.

ಗದ್ದಲ ಕೇಳಿ ಎದುರು ಮನೆಯ ಗೇಟು ತೆರೆಯಿತು. ಹೆಡ್‌ಮಿಸ್ ರಸ್ತೆ ದಾಟಿ ಬಂದರು. ಸಾಲು ಸರಿದು ದಾರಿ ಬಿಟ್ಟಿತು. ಅವರು ಕನ್ನಡಕ ಏರಿಸಿ ಎಣ್ಣೆಡಬ್ಬಿಯ ಮೇಲೆ ಬಗ್ಗಿದರು. ದಂಟಿಗೆ ಏಳೆಲೆ. ತಲೆಕೆಳಗಾದ ಕಣ್ಣು. ಟೈಲರಣ್ಣನ ಮುಖ ನೋಡಿದರು, ಬೇಕರಿ ಅಕ್ಕನ ಮುಖ ನೋಡಿದರು, ಮೂಗಿಗೆ ಹೂವು ಹಿಡಿದು ಕಣ್ಣು ಮುಚ್ಚಿ ನಿಂತಿದ್ದ ಸೂಪರಿಂಟೆಂಡೆಂಟರ ಮುಖ ನೋಡಿದರು. ಬೀದಿ ಅವರ ತೀರ್ಪಿಗೆ ಕಾದು ನಿಂತಿತು.

ಹೆಡ್‌ಮಿಸ್ ಗಂಟಲು ಸರಿಮಾಡಿಕೊಂಡರು.

"ಬಹಳ ಅಪರೂಪದ್ದು," ಅಂದರು. "ಟೈಲರ್, ಕತ್ತರಿ ತನ್ನಿ. ಒಬ್ಬರಿಗೆ ಒಂದೇ ಕಡ್ಡಿ. ಓರೆ ತುದಿ ಕೆಳಗೆ."